ಶೇಕಡಾ ಎಂಬತ್ತರ ಟೈಗರ್ ಮಾತ್

ಹಳೆಯ ವಿಮಾನಗಳನ್ನು ಪ್ರೀತಿಸುವವರ ನಡುವೆ ಫಿಶರ್ ಆರ್-80 ವಿಮಾನದ ಮಾತೆತ್ತಿದರೆ ಸಾಮಾನ್ಯವಾಗಿ ಎದುರಾಗುವುದು ಒಂದು ಉದಾರವಾದ ಮುಗುಳ್ನಗೆ. "ನೋಡಲು ಚೆನ್ನಾಗಿದೆ, ಆದರೆ ಅಸಲಿಯಲ್ಲವಲ್ಲ" ಎಂಬ ಮಾತು ಆ ನಗೆಯ ಬೆನ್ನಿಗೇ ಬರುತ್ತದೆ. ಬ್ರಿಟನ್ನಿನ ಡಿ ಹ್ಯಾವಿಲೆಂಡ್ ಕಂಪನಿಯ ಟೈಗರ್ ಮಾತ್ ಎಂಬ ಪ್ರಸಿದ್ಧ ತರಬೇತಿ ಬೈಪ್ಲೇನನ್ನು (ಒಂದರ ಮೇಲೊಂದು ಎರಡು ರೆಕ್ಕೆಗಳಿರುವ ವಿಮಾನವನ್ನು) ಶೇಕಡಾ 80ರ ಅಳತೆಗೆ ಇಳಿಸಿ, ಹವ್ಯಾಸಿಗಳು ತಮ್ಮ ಕೈಯಾರೆ ಕಟ್ಟಿಕೊಳ್ಳಲೆಂದು ಕಿಟ್ ರೂಪದಲ್ಲಿ ಕೊಡುವ ಎರಡು ಸೀಟಿನ ವಿಮಾನ ಈ ಆರ್-80. ಅಮೆರಿಕದ ಉತ್ತರ ಡಕೋಟದಲ್ಲಿದ್ದು, ಮುಂದೆ ಕೆನಡಾದ ಒಂಟಾರಿಯೊಗೆ ಸ್ಥಳಾಂತರಗೊಂಡ ಫಿಶರ್ ಫ್ಲೈಯಿಂಗ್ ಪ್ರಾಡಕ್ಟ್ಸ್ ಎಂಬ ಸಣ್ಣ ಸಂಸ್ಥೆ ಇದನ್ನು 1990ರ ದಶಕದಲ್ಲಿ ರೂಪಿಸಿತು. ನನ್ನ ಮಟ್ಟಿಗೆ ಹೇಳುವುದಾದರೆ, ಮೂಲ ವಿಮಾನವನ್ನು ಚೆನ್ನಾಗಿ ಅರ್ಥಮಾಡಿಕೊಂಡವರಷ್ಟೇ ಹೀಗೆ ಅದನ್ನು ಕುಗ್ಗಿಸಬಲ್ಲರು. ಆ ಕಾರಣಕ್ಕೇ ಇದರ ಬಗ್ಗೆ ನನಗೆ ಅಷ್ಟು ಗೌರವ.

ಅಸಲಿ ಎಂದು ನಾವು ಕೈಮುಗಿಯುವ ಟೈಗರ್ ಮಾತ್ ಹುಟ್ಟಿದ ರೀತಿಯನ್ನು ಮೊದಲು ನೋಡಬೇಕು. ಡಿ ಹ್ಯಾವಿಲೆಂಡ್ ಕಂಪನಿಯ ಡಿಎಚ್ 60 ಮಾತ್ 1925ರಿಂದಲೇ ಫ್ಲೈಯಿಂಗ್ ಕ್ಲಬ್‌ಗಳ ಅಚ್ಚುಮೆಚ್ಚಿನ ವಿಮಾನವಾಗಿತ್ತು. ಬ್ರಿಟಿಷ್ ವಾಯುಪಡೆಗೆ ಅದನ್ನು ತರಬೇತಿ ವಿಮಾನವಾಗಿ ಕೊಡಲು ಹೊರಟಾಗ ಒಂದು ತೊಡಕು ಎದುರಾಯಿತು. ಮುಂದಿನ ಸೀಟಿನಲ್ಲಿ ಕೂರುವ ಶಿಕ್ಷಕನ ತಲೆಯ ಮೇಲೆಯೇ ಪೆಟ್ರೋಲ್ ಟ್ಯಾಂಕ್ ಇತ್ತು, ಅದನ್ನು ಹೊತ್ತ ಕಂಬಗಳು ಅವನ ಸುತ್ತಲೂ ಇದ್ದವು. ಅಪಾಯದ ಹೊತ್ತಿನಲ್ಲಿ ಪ್ಯಾರಾಚೂಟ್ ಕಟ್ಟಿಕೊಂಡ ಮನುಷ್ಯ ಆ ಸಂದಿಯಿಂದ ಹೊರಗೆ ಹಾರುವುದು ಬಹಳ ಕಷ್ಟವಾಗಿತ್ತು. ಹಾಗಾಗಿ ಮೇಲಿನ ರೆಕ್ಕೆಯ ನಡುಭಾಗವನ್ನು ಟ್ಯಾಂಕಿನ ಸಮೇತ ಮುಂದಕ್ಕೆ ಸರಿಸಿದರು. ಅದು ಮುಂದೆ ಹೋದುದರಿಂದ ವಿಮಾನದ ಸಮತೋಲ ಕೆಟ್ಟಿತು. ಅದನ್ನು ಸರಿಪಡಿಸಲು ರೆಕ್ಕೆಗಳ ತುದಿಗಳನ್ನು ಹಿಂದಕ್ಕೆ ಬಾಗಿಸಿದರು. ಹಿಂದಕ್ಕೆ ಬಾಗಿಸಿದ ಮೇಲೆ ಕೆಳರೆಕ್ಕೆಯ ತುದಿ ನೆಲಕ್ಕೆ ತೀರಾ ಹತ್ತಿರ ಬಂತೆಂದು ಅದನ್ನು ಸ್ವಲ್ಪ ಮೇಲಕ್ಕೆ ಎತ್ತಿದರು. ಇಂದು ನಾವು ದೂರದಿಂದಲೇ ಗುರುತಿಸುವ, ಚಿತ್ರಗಳಲ್ಲಿ ಕಂಡು ಮೆಚ್ಚುವ ಆ ರೆಕ್ಕೆಗಳ ಓರೆಯನ್ನು ಯಾರೂ ಅಂದಕ್ಕಾಗಿ ಎಳೆದದ್ದಲ್ಲ. ಲಂಡನ್ನಿನ ಸ್ಟಾಗ್ ಲೇನ್ ಮೈದಾನದ ಒಂದು ಶೆಡ್ಡಿನಲ್ಲಿ, ಒಂದನ್ನು ಸರಿಪಡಿಸಲು ಹೋಗಿ ಇನ್ನೊಂದನ್ನು ಸರಿಪಡಿಸುತ್ತ ಅವರು ಅಲ್ಲಿಗೆ ಬಂದು ಮುಟ್ಟಿದರು. 1931ರ ಅಕ್ಟೋಬರ್ 26ರಂದು ಅಲ್ಲಿಂದಲೇ ಅದು ಮೊದಲ ಬಾರಿಗೆ ಹಾರಿತು. ಇಂದು ತನ್ನ ಗ್ಯಾರೇಜಿನಲ್ಲಿ ಕಿಟ್ ಬಿಚ್ಚಿಕೊಂಡು ಕೂತಿರುವ ಹವ್ಯಾಸಿಗೆ ಆ ಶೆಡ್ಡಿನ ಕೆಲಸ ಅಪರಿಚಿತವೆನಿಸಲಾರದು.

ಇನ್ನು ಅಸಲಿ ಎಂಬುದಾದರೂ ಒಂದೇ ಇತ್ತೇ? ಟೈಗರ್ ಮಾತ್‌ನ ಕೆನಡಾದಲ್ಲಿ ತಯಾರಾದ ಡಿಎಚ್ 82ಸಿ ಮಾದರಿಗೆ ಅಲ್ಲಿನ ಚಳಿಗಾಲಕ್ಕೆಂದು ಕಾಕ್‌ಪಿಟ್ಟಿನ ಮೇಲೆ ಮುಚ್ಚುವ ಗಾಜಿನ ಮಾಡನ್ನು ಕೊಟ್ಟರು, ಚಕ್ರಗಳಿಗೆ ಬ್ರೇಕ್ ಕೊಟ್ಟರು, ಬಾಲದ ಅಡಿಯಲ್ಲಿ ನೆಲಕ್ಕೆ ಉಜ್ಜಿ ಜಾರುವ ಸ್ಕಿಡ್ ಪಟ್ಟಿಯ ಬದಲು ಚಕ್ರವನ್ನೇ ಹಾಕಿದರು. ಯುದ್ಧಕಾಲದಲ್ಲಿ ಬ್ರಿಟನ್ನಿನಿಂದ ಜಿಪ್ಸಿ ಎಂಜಿನ್ನುಗಳು ಸಾಕಷ್ಟು ಬಾರದಿದ್ದಾಗ ಅಮೆರಿಕದ ಮೆನಾಸ್ಕೊ ಎಂಜಿನ್ ಕೂರಿಸಿ ಹಾರಿಸಿದರು. ಇದಕ್ಕಿಂತ ಸ್ವಾರಸ್ಯವಾದದ್ದು ಕ್ವೀನ್ ಬೀ. ಹಡಗಿನ ತೋಪುಗಾರರಿಗೆ ಗುರಿಯ ಅಭ್ಯಾಸ ಮಾಡಿಸಲೆಂದು, 1935ರ ಸುಮಾರಿಗೆ, ಪೈಲಟ್ ಇಲ್ಲದೆ ರೇಡಿಯೊ ಸಂಕೇತಗಳಿಂದ ಹಾರುವ ಟೈಗರ್ ಮಾತ್‌ಗಳನ್ನು ಆ ಹೆಸರಿನಲ್ಲಿ ತಯಾರಿಸಿದರು. ಸಾಮಾನ್ಯ ಟೈಗರ್ ಮಾತ್‌ನ ಒಡಲು ಉಕ್ಕಿನ ಕೊಳವೆಗಳದ್ದು; ಕ್ವೀನ್ ಬೀಗೆ ಮಾತ್ರ ಅಗ್ಗವಾಗಲಿ, ಸಮುದ್ರಕ್ಕೆ ಬಿದ್ದರೆ ತೇಲಲಿ ಎಂದು ಮರದ ಒಡಲನ್ನು ಕೊಟ್ಟರು. ಮರದಲ್ಲಿ ಕಟ್ಟಿದ ಆರ್-80ಯನ್ನು ನೋಡಿ "ಟೈಗರ್ ಮಾತ್‌ಗೆಲ್ಲಿಯ ಮರದ ಒಡಲು" ಎಂದು ಮೂಗು ಮುರಿಯುವವರಿಗೆ ಡಿ ಹ್ಯಾವಿಲೆಂಡ್ ಕಂಪನಿಯೇ ಎಂದೋ ಉತ್ತರ ಕೊಟ್ಟಿದೆ. ಉಕ್ಕಿನ ಕೊಳವೆಯೇ ಬೇಕೆನ್ನುವವರಿಗಾಗಿ ಬೆಸುಗೆ ಹಾಕಿದ ಒಡಲಿನ ಆರ್‌ಎಸ್-80 ಎಂಬ ಇನ್ನೊಂದು ರೂಪವೂ ಇದೆಯೆಂಬುದು ಬೇರೆ ಮಾತು.

ಈಗ ಕುಗ್ಗಿಸುವ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ಲೆಕ್ಕ ಬರುತ್ತದೆ, ಓದುಗರು ಸಹಿಸಿಕೊಳ್ಳಬೇಕು. ಯಾವುದೇ ವಸ್ತುವಿನ ಉದ್ದ, ಅಗಲ, ಎತ್ತರ ಮೂರನ್ನೂ ಶೇಕಡಾ 80ಕ್ಕೆ ಇಳಿಸಿದರೆ ಅದರ ಮೇಲ್ಮೈ ಶೇಕಡಾ 64ಕ್ಕೆ ಇಳಿಯುತ್ತದೆ, ಗಾತ್ರ ಶೇಕಡಾ 51ರ ಆಸುಪಾಸಿಗೆ ಇಳಿಯುತ್ತದೆ. ಮೂಲ ಟೈಗರ್ ಮಾತ್‌ನ ರೆಕ್ಕೆಗಳ ಹರವು 8.94 ಮೀಟರ್, ರೆಕ್ಕೆಗಳ ಒಟ್ಟು ವಿಸ್ತೀರ್ಣ ಸುಮಾರು 22 ಚದರ ಮೀಟರ್, ಖಾಲಿ ತೂಕ 506 ಕಿಲೋ, ಜನ ಮತ್ತು ಇಂಧನವೆಲ್ಲ ಸೇರಿದ ಪೂರ್ಣ ತೂಕ 828 ಕಿಲೋ. ಶೇಕಡಾ 80ರ ಅಳತೆಯಲ್ಲಿ ಹರವು 7.15 ಮೀಟರಿಗೂ ವಿಸ್ತೀರ್ಣ 14 ಚದರ ಮೀಟರಿನ ಸುಮಾರಿಗೂ ಬಂದು ನಿಲ್ಲುತ್ತದೆ. ಒಂದು ಚದರ ಮೀಟರ್ ರೆಕ್ಕೆ ಎಷ್ಟು ಭಾರ ಹೊರುತ್ತದೆ ಎಂಬುದರ ಮೇಲೆ ವಿಮಾನದ ನಡವಳಿಕೆ, ಅದರಲ್ಲೂ ಇಳಿಯುವಾಗಿನ ವೇಗ, ಬಹುಮಟ್ಟಿಗೆ ನಿಂತಿದೆ. ಮೂಲದಲ್ಲಿ ಅದು 37 ಕಿಲೋ. ಅಷ್ಟನ್ನೇ ಉಳಿಸಿಕೊಳ್ಳಬೇಕಾದರೆ ಪುಟ್ಟ ವಿಮಾನದ ಪೂರ್ಣ ತೂಕ ಸುಮಾರು 530 ಕಿಲೋ ದಾಟುವಂತಿಲ್ಲ.

ತೊಡಕಿರುವುದು ಇಲ್ಲಿಯೇ. ವಿಮಾನ ಕುಗ್ಗುತ್ತದೆ, ಅದರಲ್ಲಿ ಕೂರುವ ಮನುಷ್ಯ ಕುಗ್ಗುವುದಿಲ್ಲ. ತಲಾ 80 ಕಿಲೋ ತೂಗುವ ಇಬ್ಬರು ಹತ್ತಿದರೆ 160 ಕಿಲೋ ಅಲ್ಲಿಗೇ ಮುಗಿಯಿತು. ಉಳಿದ 370 ಕಿಲೋದೊಳಗೆ ಎಂಜಿನ್, ಪ್ರೊಪೆಲ್ಲರ್, ನಾಲ್ಕು ರೆಕ್ಕೆ, ಬಾಲ, ಚಕ್ರ, ಇಂಧನ ಎಲ್ಲವೂ ಅಡಗಬೇಕು. ಮೂಲ ವಿಮಾನದ ಒಂದೊಂದು ಭಾಗವನ್ನೂ ಅದೇ ರೀತಿಯಲ್ಲಿ ಚಿಕ್ಕದಾಗಿ ಮಾಡುತ್ತ ಹೋದರೆ ಇದು ಕೂಡಿಬರುವುದಿಲ್ಲ, ಏಕೆಂದರೆ ಸೀಟು, ಬೆಲ್ಟು, ನಿಯಂತ್ರಣದ ಕೋಲು, ಪೆಡಲುಗಳೆಲ್ಲ ಪೂರ್ಣ ಗಾತ್ರದ ಮನುಷ್ಯನ ಭಾರವನ್ನೇ ತಡೆಯಬೇಕಾಗಿವೆ. ಆದ್ದರಿಂದ ಕಟ್ಟುವ ವಿಧಾನವನ್ನೇ ಬದಲಿಸಬೇಕಾಯಿತು. ತೆಳ್ಳನೆಯ ಮರದ ಪಟ್ಟಿಗಳನ್ನು ಓರೆಯಾಗಿ ಒಂದರ ಮೇಲೊಂದು ಹಾಯಿಸಿ ಜಾಳಿಗೆಯಂತೆ ಅಂಟಿಸುವ ಜಿಯೋಡೆಸಿಕ್ ವಿಧಾನ ಫಿಶರ್ ವಿಮಾನಗಳ ಗುರುತೇ ಆಗಿದೆ. ಎರಡನೆಯ ಮಹಾಯುದ್ಧದ ವೆಲಿಂಗ್ಟನ್ ಬಾಂಬರ್ ವಿಮಾನದಲ್ಲಿ ಬ್ರಿಟಿಷ್ ಎಂಜಿನಿಯರ್ ಬಾರ್ನ್ಸ್ ವಾಲಿಸ್ ಇದೇ ತತ್ವವನ್ನು ಲೋಹದಲ್ಲಿ ಬಳಸಿದ್ದರು. ಒಂದು ಪಟ್ಟಿ ಎಳೆತಕ್ಕೆ ಒಳಗಾದಾಗ ಅದನ್ನು ಹಾಯುವ ಇನ್ನೊಂದು ಪಟ್ಟಿ ಒತ್ತಡವನ್ನು ಹೊರುತ್ತದೆ. ಹಾಗಾಗಿ ದಪ್ಪ ಪ್ಲೈವುಡ್ಡಿನ ಹಂಗಿಲ್ಲದೆ, ಬೆರಳಿನಲ್ಲಿ ಹಿಡಿದು ಬಗ್ಗಿಸಬಹುದಾದ ಕಡ್ಡಿಗಳಿಂದಲೇ ತಿರುಚಿಕೊಳ್ಳದ ಒಡಲೊಂದು ಎದ್ದು ನಿಲ್ಲುತ್ತದೆ. ಕಣ್ಣಿಗೆ ಕಾಣುವ ಆಕಾರದಲ್ಲಿ ಮೂಲಕ್ಕೆ ನಿಷ್ಠರಾಗಿದ್ದು, ಬಟ್ಟೆಯೊಳಗೆ ಅಡಗಿರುವ ಅಸ್ಥಿಪಂಜರದಲ್ಲಿ ಸಂಪೂರ್ಣ ಸ್ವತಂತ್ರರಾದ ಈ ನಿರ್ಧಾರವನ್ನು ನಾನು ಬಹಳ ಮೆಚ್ಚುತ್ತೇನೆ.

ಕಿಟ್ ಎಂದರೆ ಪೆಟ್ಟಿಗೆ ತೆರೆದು ನಟ್ಟು ಬೋಲ್ಟು ಬಿಗಿದು ಮುಗಿಸುವ ಕೆಲಸವೆಂದು ಯಾರೂ ತಿಳಿಯಬಾರದು. ಅಮೆರಿಕದ ನಿಯಮದ ಪ್ರಕಾರ ಹವ್ಯಾಸಿ ನಿರ್ಮಿತ ಎಂಬ ಮಾನ್ಯತೆ ಸಿಗಬೇಕಾದರೆ ಕೆಲಸದ ಹೆಚ್ಚಿನ ಪಾಲನ್ನು, ಅಂದರೆ ಅರ್ಧಕ್ಕಿಂತ ಮಿಗಿಲಾದುದನ್ನು, ಹವ್ಯಾಸಿಗಳೇ ಸ್ವಂತ ಕಲಿಕೆಗಾಗಿ ಅಥವಾ ಸಂತೋಷಕ್ಕಾಗಿ ಮಾಡಿರಬೇಕು. ರೆಕ್ಕೆಗೆ ಆಕಾರ ಕೊಡುವ ಒಂದೊಂದು ಪಕ್ಕೆಲುಬನ್ನೂ, ಅಂದರೆ ರಿಬ್ಬನ್ನೂ, ಹಲಗೆಯ ಮೇಲಿನ ಅಚ್ಚಿನಲ್ಲಿಟ್ಟು, ಅಂಟು ಹಚ್ಚಿ, ಅದು ಗಟ್ಟಿಯಾಗುವ ತನಕ ಬಿಗಿಹಿಡಿದು ಕಾಯಬೇಕು. ಬೈಪ್ಲೇನ್ ಆದುದರಿಂದ ರೆಕ್ಕೆಯ ಫಲಕಗಳು ಎರಡಲ್ಲ, ನಾಲ್ಕು. ಬೇಸರಪಡುವವರಿಗೆ ಇದು ಹೇಳಿದ ಕೆಲಸವಲ್ಲ. ಎಲ್ಲಕ್ಕಿಂತ ನನ್ನ ಮನಸ್ಸನ್ನು ಹಿಡಿಯುವುದು ಬಟ್ಟೆ ಹೊದಿಸುವ ಹಂತ. ಹಿಂದೆ ಇದಕ್ಕೆ ನಾರುಬಟ್ಟೆಯನ್ನೋ ಹತ್ತಿಬಟ್ಟೆಯನ್ನೋ ಹೊದಿಸಿ, ಘಾಟು ವಾಸನೆಯ ಡೋಪ್ ದ್ರಾವಣ ಬಳಿದು ಬಿಗಿಗೊಳಿಸುತ್ತಿದ್ದರು. ಇಂದಿನ ಪಾಲಿಯೆಸ್ಟರ್ ಬಟ್ಟೆಯನ್ನು ಅಂಚುಗಳಲ್ಲಿ ಸಡಿಲವಾಗಿ ಅಂಟಿಸಿ, ಶಾಖವನ್ನು ಮೊದಲೇ ಅಳೆದುಕೊಂಡ ಸಾಧಾರಣ ಇಸ್ತ್ರಿ ಪೆಟ್ಟಿಗೆಯನ್ನು ಅದರ ಮೇಲೆ ನಿಧಾನವಾಗಿ ಆಡಿಸುತ್ತ ಹೋಗುತ್ತಾರೆ. ಸುಕ್ಕುಗಳು ಒಂದೊಂದಾಗಿ ಮಾಯವಾಗಿ, ಜೋತುಬಿದ್ದ ಬಟ್ಟೆ ಮೃದಂಗದ ಚರ್ಮದ ಹಾಗೆ ಬಿಗಿದು, ಬೆರಳಿನಿಂದ ತಟ್ಟಿದರೆ ನಾದ ಕೊಡತೊಡಗುತ್ತದೆ. ಶಾಖ ಹೆಚ್ಚಾದರೆ ಬಟ್ಟೆಯ ಎಳೆತಕ್ಕೆ ಒಳಗಿನ ತೆಳು ಕಡ್ಡಿಗಳೇ ಸೊಟ್ಟಗಾಗುವುದುಂಟು. ಆಮೇಲೆ ಉದ್ದನೆಯ ಸೂಜಿಯಿಂದ ರೆಕ್ಕೆಯ ಮೇಲ್ಬದಿಯಿಂದ ಕೆಳಬದಿಗೆ ಮೇಣದ ದಾರ ಪೋಣಿಸಿ, ಬಟ್ಟೆಯನ್ನು ಪ್ರತಿ ರಿಬ್ಬಿಗೂ ಗಂಟು ಹಾಕಿ ಹೊಲಿಯುವ ಕೆಲಸವಿದೆ. ಈ ಹೊಲಿಗೆಯ ಕ್ರಮ ಮಾತ್ರ 1931ರಿಂದ ಇಂದಿನವರೆಗೆ ಹೆಚ್ಚು ಬದಲಾಗಿಲ್ಲ.

ಎಂಜಿನ್ನಿನ ವಿಷಯವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಮೂಲದ ಜಿಪ್ಸಿ ಮೇಜರ್ 130 ಅಶ್ವಶಕ್ತಿಯ, ನಾಲ್ಕು ಸಿಲಿಂಡರುಗಳು ತಲೆಕೆಳಗಾಗಿ ನೇತಾಡುವ ಎಂಜಿನ್. ಹಾಗೆ ತಲೆಕೆಳಗಾಗಿಸಿದ್ದರಿಂದ ಮೂತಿಯ ಮೇಲ್ಭಾಗ ತಗ್ಗಿತು, ಪೈಲಟ್‌ಗೆ ಮುಂದಿನ ನೋಟ ಸಿಕ್ಕಿತು, ಪ್ರೊಪೆಲ್ಲರ್ ಮಾತ್ರ ನೆಲದಿಂದ ಸಾಕಷ್ಟು ಎತ್ತರದಲ್ಲಿಯೇ ಉಳಿಯಿತು. ಇಷ್ಟು ಹಗುರವಾದ ವಿಮಾನಕ್ಕೆ ಅಷ್ಟು ಶಕ್ತಿಯೂ ಬೇಡ, ಅಷ್ಟು ಭಾರವೂ ಬೇಡ. ಇಂದಿನ ಹಗುರ ವಿಮಾನಗಳ ಲೋಕದಲ್ಲಿ ಆಸ್ಟ್ರಿಯಾದ ರೋಟಾಕ್ಸ್ ಎಂಜಿನ್ನುಗಳಿವೆ. ಸುಜುಕಿ ಕಾರಿನ ಎಂಜಿನ್ನಿಗೆ ಗೇರ್ ಜೋಡಿಸಿ ಹಾರಿಸುವವರೂ ಬೇಕಾದಷ್ಟು ಜನ ಇದ್ದಾರೆ. ಪ್ರೊಪೆಲ್ಲರನ್ನು ಕೈಯಿಂದ ಎಳೆದು ತಿರುಗಿಸಿ ಚಾಲೂ ಮಾಡುವ ಹಳೆಯ ಪದ್ಧತಿಯ ಬದಲು ಬ್ಯಾಟರಿಯ ಸ್ಟಾರ್ಟರ್ ಇರುವುದನ್ನು ಕೆಲವರು ಪರಂಪರೆಗೆ ಮಾಡಿದ ಅಪಚಾರವೆಂದು ಭಾವಿಸುತ್ತಾರೆ. ಕೈಯಿಂದ ತಿರುಗಿಸಲು ಹೋಗಿ ಪ್ರಾಣ ಕಳೆದುಕೊಂಡವರ, ಕೈ ಮುರಿದುಕೊಂಡವರ ಪರಂಪರೆಯೂ ಅದೇ ಆಗಿರುವುದರಿಂದ ಆ ವಾದವನ್ನು ನಾನು ಒಪ್ಪಲಾರೆ.

ಟೈಗರ್ ಮಾತನ್ನು ಹಾರಿಸುವುದು ಸುಲಭ, ಚೆನ್ನಾಗಿ ಹಾರಿಸುವುದು ಕಷ್ಟ ಎಂಬ ಮಾತು ಪೈಲಟ್‌ಗಳಲ್ಲಿ ಬಹಳ ಕಾಲದಿಂದ ಇದೆ. ವಿಮಾನವನ್ನು ಪಕ್ಕಕ್ಕೆ ವಾಲಿಸುವ ಅದರ ಏಲೆರಾನ್ ಫಲಕಗಳು ಕೆಳರೆಕ್ಕೆಯಲ್ಲಿ ಮಾತ್ರ ಇವೆ. ಕೋಲನ್ನು ಪಕ್ಕಕ್ಕೆ ತಳ್ಳಿದಷ್ಟಕ್ಕೇ ಅಚ್ಚುಕಟ್ಟಾದ ತಿರುವು ಸಿಗುವುದಿಲ್ಲ, ಕಾಲಿನಿಂದ ಬಾಲದ ಚುಕ್ಕಾಣಿಯಾದ ರಡರನ್ನು ಸರಿಯಾದ ಪ್ರಮಾಣದಲ್ಲಿ ಒತ್ತಲೇಬೇಕು. ಒತ್ತುವುದನ್ನು ಮರೆತರೆ ಗಾಳಿ ಒಂದು ಕೆನ್ನೆಗೆ ಹೆಚ್ಚು ಬಡಿಯುತ್ತದೆ, ಅಷ್ಟರಿಂದಲೇ ವಿದ್ಯಾರ್ಥಿಗೆ ತಾನು ಜಾರುತ್ತಿರುವುದು ತಿಳಿಯುತ್ತದೆ. ಕಂಬಗಳು, ತಂತಿಗಳು, ಎರಡು ಜೊತೆ ರೆಕ್ಕೆಗಳು ಗಾಳಿಗೆ ಒಡ್ಡುವ ತಡೆ ಎಷ್ಟಿದೆಯೆಂದರೆ ಎಂಜಿನ್ನಿನ ಶಕ್ತಿ ತಗ್ಗಿಸಿದೊಡನೆ ವಿಮಾನ ಇಳಿಯತೊಡಗುತ್ತದೆ, ಇಳಿಯುವಾಗ ರೆಕ್ಕೆಯ ಹಿಂಬದಿಯಿಂದ ಬಾಗಿಸುವ ಫ್ಲ್ಯಾಪ್‌ಗಳ ಅಗತ್ಯವೇ ಬೀಳುವುದಿಲ್ಲ. ಆರ್-80ಯಲ್ಲೂ ಫ್ಲ್ಯಾಪ್‌ಗಳಿಲ್ಲ. ತೆರೆದ ಕಾಕ್‌ಪಿಟ್, ಬಾಲದ ಮೇಲೆ ಕೂರುವ ನಿಲುವು, ತಂತಿಗಳ ನಡುವಿನಿಂದ ನುಗ್ಗುವ ಗಾಳಿ ಇವೆಲ್ಲ ಉಳಿದಿರುವುದರಿಂದ ಪೈಲಟ್‌ನ ಕಾಲುಗಳಿಗೂ ಕೆನ್ನೆಗಳಿಗೂ ಕೆಲಸ ಉಳಿದಿದೆ. ಇದನ್ನು ಬಿಟ್ಟು ಬರೀ ಬಣ್ಣ ಬಳಿದಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ.

ಹೊಗಳಿಕೆಯ ನಡುವೆ ಎರಡು ತಕರಾರುಗಳನ್ನೂ ದಾಖಲಿಸಬೇಕು. ಮೊದಲನೆಯದು, ಇಬ್ಬರು ಕುಳಿತ ಮೇಲೆ ಪಕ್ಕದಿಂದ ನೋಡಿದರೆ ತಲೆಗಳು ವಿಮಾನಕ್ಕಿಂತ ಒಂದು ಅಳತೆ ದೊಡ್ಡದಾಗಿ ಕಾಣುತ್ತವೆ, ಅಳತೆಯ ಗುಟ್ಟು ಅಲ್ಲಿಯೇ ಬಯಲಾಗುತ್ತದೆ. ಇದಕ್ಕೆ ಪರಿಹಾರವಿಲ್ಲ, ಹೊಟ್ಟೆಗೆ ಹಾಕಿಕೊಳ್ಳಬೇಕು. ಎರಡನೆಯದು ಕಟ್ಟುವವರಿಗೆ ಸಂಬಂಧಿಸಿದ್ದು. ವಾಯುಪಡೆಯ ತರಬೇತಿ ವಿಮಾನಗಳ ಹಳದಿ ಬಣ್ಣ ಬಳಿಯುವುದು ಗೌರವದ ಸೂಚನೆ. ಆದರೆ ಯುದ್ಧಕಾಲದಲ್ಲಿ ನಿಜವಾಗಿ ಹಾರಿದ ಯಾವುದೋ ವಿಮಾನದ ಸಂಖ್ಯೆಯನ್ನು ತಂದು ಇದರ ಬಾಲದ ಮೇಲೆ ಬರೆಯುವುದು ನನಗೆ ಸರಿಕಾಣುವುದಿಲ್ಲ. ಆ ಸಂಖ್ಯೆಗೆ ಅದರದೇ ಆದ ದಿನಚರಿ ಪುಸ್ತಕವಿತ್ತು, ಅದನ್ನು ಹಾರಿಸಿದ ಹುಡುಗರಿದ್ದರು. ಇದನ್ನು ಕಟ್ಟಿದವನ ನೋಂದಣಿ ಸಂಖ್ಯೆಯೇ ಇದಕ್ಕೆ ಸಾಕು.

ನಮಗೂ ಟೈಗರ್ ಮಾತ್‌ಗೂ ಹಳೆಯ ನಂಟಿದೆ. ಎರಡನೆಯ ಮಹಾಯುದ್ಧದ ಕಾಲದ ಭಾರತೀಯ ವಾಯುಪಡೆಯ ಪೈಲಟ್‌ಗಳು ಮೊದಲ ಪಾಠಗಳನ್ನು ಕಲಿತದ್ದು ಇದರಲ್ಲಿಯೇ. ಇದರ ಜಾಗವನ್ನು ತುಂಬಲೆಂದೇ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯಲ್ಲಿ ಡಾ. ವಿ. ಎಂ. ಘಾಟ್ಗೆಯವರ ತಂಡ ಎಚ್‌ಟಿ-2 ವಿಮಾನವನ್ನು ರೂಪಿಸಿತು, 1951ರಲ್ಲಿ ಅದು ಬೆಂಗಳೂರಿನ ಆಕಾಶದಲ್ಲಿ ಮೊದಲು ಹಾರಿತು. 2012ರ ವಾಯುಪಡೆ ದಿನದಂದು ದೆಹಲಿ ಬಳಿಯ ಹಿಂಡನ್ ವಾಯುನೆಲೆಯಲ್ಲಿ, ಬ್ರಿಟನ್ನಿನಲ್ಲಿ ದುರಸ್ತಿಗೊಂಡು ಬಂದ ಟೈಗರ್ ಮಾತ್ ಒಂದು ಜನರ ಮುಂದೆ ಹಾರಿದಾಗ ನಮ್ಮಲ್ಲಿ ಅನೇಕರು ರೋಮಾಂಚನಗೊಂಡೆವು. ಆದರೆ ಅಂಥ ಮೂಲ ವಿಮಾನವೊಂದನ್ನು ಹಾರುವ ಸ್ಥಿತಿಯಲ್ಲಿಡಲು ಬೇಕಾದ ಹಣ, ಬಿಡಿಭಾಗ, ನುರಿತ ಕೈಗಳು ಒಂದು ವಾಯುಪಡೆಗೋ ವಸ್ತುಸಂಗ್ರಹಾಲಯಕ್ಕೋ ಒದಗಬಹುದೇ ಹೊರತು ಸಂಬಳದಲ್ಲಿ ಬದುಕುವ ಹವ್ಯಾಸಿಗೆ ಒದಗುವುದಿಲ್ಲ. ಅವನ ಕೈಗೆ ಎಟುಕುವುದು ಕಿಟ್ ಮಾತ್ರ.

ಹೀಗೆ ಯೋಚಿಸುವಾಗಲೆಲ್ಲ ನನಗೆ ಎಚ್‌ಎಎಲ್‌ನ ಪುಷ್ಪಕ್ ನೆನಪಾಗುತ್ತದೆ. 1950ರ ದಶಕದ ಕೊನೆಯಲ್ಲಿ ಬೆಂಗಳೂರಿನಲ್ಲಿ ತಯಾರಾಗಿ, ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ದುಡಿದ, ಬಟ್ಟೆ ಹೊದಿಸಿದ ಎರಡು ಸೀಟಿನ ವಿಮಾನ ಅದು. ಬೈಪ್ಲೇನ್ ಅಲ್ಲ, ತಲೆಯ ಮೇಲೆ ಒಂದೇ ರೆಕ್ಕೆ. ಕಟ್ಟುವವನಿಗೆ ಅಷ್ಟರಮಟ್ಟಿಗೆ ಕೆಲಸವೂ ಕಡಿಮೆ. ಅದನ್ನು ಕುಗ್ಗಿಸುವ ಅಗತ್ಯ ಕೂಡ ಇಲ್ಲ, ಇಂದಿನ ಹಗುರ ಎಂಜಿನ್ ಒಂದನ್ನು ಕೂರಿಸಿದರೆ ಪೂರ್ಣ ಅಳತೆಯಲ್ಲಿಯೇ ಕಟ್ಟಬಹುದು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ವೈಮಾನಿಕ ವಿಭಾಗಗಳಲ್ಲಿ ಯಾರಾದರೂ ಅದರ ನಕ್ಷೆಗಳನ್ನು ಹುಡುಕಿ ತೆಗೆಯುವ ಮನಸ್ಸು ಮಾಡಿದರೆ, ರಿಬ್ಬುಗಳಿಗೆ ಅಂಟು ಹಚ್ಚಲು ಶನಿವಾರ, ಭಾನುವಾರ ನಾನು ಸಿದ್ಧನಿದ್ದೇನೆ.