ಮೇಷ್ಟ್ರು ಕಾರಂತರು ಎಲ್ಲಿ?

ರಂಗನಿರ್ದೇಶಕ ಬಿ. ವಿ. ಕಾರಂತರ ಕುರಿತು ನೀವು ಪ್ರಕಟಿಸಿದ ಲೇಖನ ಓದಿದೆ. ಸಿನಿಮಾ, ಪ್ರಶಸ್ತಿಗಳ ಪಟ್ಟಿಯೇ ಅರ್ಧ ಜಾಗ ನುಂಗಿದೆ. ಪಾಠ ಹೇಳಿದ ಕಾರಂತರಿಗೆ ಸಿಕ್ಕಿದ್ದು ಒಂದೇ ಸಾಲು. ಮಂಚಿಯಲ್ಲಿ 1929ರಲ್ಲಿ ಹುಟ್ಟಿ, ಮನೆ ಬಿಟ್ಟು ಗುಬ್ಬಿ ನಾಟಕ ಕಂಪನಿ ಸೇರಿದ ಹುಡುಗ ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೇ ನಿರ್ದೇಶಕರಾದರು. ಆಮೇಲೆ ಭೋಪಾಲದ ರಂಗಮಂಡಲ ನಾಟಕ ತಂಡ, 1989ರಲ್ಲಿ ಮೈಸೂರಿನ ರಂಗಸಂಸ್ಥೆ ರಂಗಾಯಣ. ಎಲ್ಲ ಕಡೆಯೂ ನಟರನ್ನು ತಯಾರು ಮಾಡುವ ಕೆಲಸವೇ.

ಅವರ ರಂಗಸಂಗೀತದಲ್ಲಿ ಕೈಗೆ ಸಿಕ್ಕಿದ್ದೆಲ್ಲ ವಾದ್ಯ. ಇದು ನನಗೆ ತಿಳಿದದ್ದು ಪುಸ್ತಕದಿಂದಲ್ಲ. ಉಡುಪಿಯಲ್ಲಿ ನಾನು ಎಂಟನೇ ತರಗತಿಯಲ್ಲಿದ್ದಾಗ ರಜೆಯ ಶಿಬಿರವೊಂದಕ್ಕೆ ಅವರ ಶಿಷ್ಯರೊಬ್ಬರು ಬಂದಿದ್ದರು. ಒಣ ಅಡಿಕೆ ಹಾಳೆಯನ್ನು ಸಿಮೆಂಟ್ ನೆಲದ ಮೇಲೆ ಉದ್ದಕ್ಕೆ ಎಳೆಸಿ, "ಕಣ್ಣು ಮುಚ್ಚಿ ಕೇಳಿ, ಇದು ಮಲ್ಪೆಯ ಕಡಲು" ಎಂದರು. ಎರಡು ತೆಂಗಿನ ಗೆರಟೆ ಬಡಿದರೆ ಕುದುರೆ. ನನಗೆ ಸಿಕ್ಕಿದ್ದು ಹಾಳೆ ಎಳೆಯುವ ಕೆಲಸ, ಮಾತಿಲ್ಲವೆಂದು ಅತ್ತಿದ್ದೆ. ಪ್ರದರ್ಶನದ ಸಂಜೆ ಮಳೆ ಹೊಡೆದು ಹಾಳೆ ಮೆತ್ತಗಾಯಿತು, ಸದ್ದೇ ಇಲ್ಲ. ನಾವು ನಾಲ್ವರು ಬಾಯಲ್ಲೇ "ಹೂಶ್" ಎಂದೆವು. ಸಭೆ ನಕ್ಕಿತು. ಮರುದಿನ ಸರ್ ಹೇಳಿದ್ದು ಇಷ್ಟೇ: "ಇನ್ನು ಹಾಳೆ ಬೇಡ, ಅದನ್ನೇ ಇಟ್ಟುಕೊಳ್ಳಿ."

ಎರಡನೇ ಕಂತು ಬರೆಯುವುದಿದ್ದರೆ ರಂಗಾಯಣದ ಮೊದಲ ತಂಡದ ನಟರನ್ನು ದಯವಿಟ್ಟು ಮಾತನಾಡಿಸಿ. ಅಂದ ಹಾಗೆ, ಲೇಖನದ ಚಿತ್ರದ ಕೆಳಗೆ ಮಂಚಿ ಉಡುಪಿ ಜಿಲ್ಲೆಯದು ಎಂದಿದೆ. ಅದು ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನದು, ತಿದ್ದಿಬಿಡಿ.