ಬಸ್ಸು ಬಂತೋ ಇಲ್ಲೋ?

ಕತೆಗೆ ಕೊನೆ ಬರೆಯುವುದು ಈಗ ಹಳೇ ಫ್ಯಾಷನ್ನು. ಸಿಂಧನೂರಿನಲ್ಲಿ ನಾವು ಐದಾರು ಜನ ಭಾನುವಾರ ಸೇರಿ ಕತೆ ಓದುತ್ತೇವೆ, ಜೊತೆಗೆ ಒಗ್ಗರಣಿ-ಮಿರ್ಚಿ ಇರುತ್ತದೆ (ನಿಜ ಹೇಳಬೇಕೆಂದರೆ ಒಗ್ಗರಣಿ-ಮಿರ್ಚಿಯ ಜೊತೆಗೆ ಕತೆ ಇರುತ್ತದೆ). ಎಲ್ಲರವೂ ದಿನನಿತ್ಯದ ಬದುಕಿನ ಕತೆಗಳೇ. ಗಂಡ ಹೆಂಡತಿ ಜಗಳಾಡುತ್ತಾರೆ, ಕುಕ್ಕರ್ ಸೀಟಿ ಹೊಡೆಯುತ್ತದೆ, ಕತೆ ಮುಗಿಯುತ್ತದೆ. ಯಾರೋ ಬಾಗಿಲು ಬಡಿಯುತ್ತಾರೆ, ಕತೆ ಮುಗಿಯುತ್ತದೆ. ಬಂದವರು ಯಾರು ಅಂತ ಕೇಳಿದಿರೋ, ನಿಮಗೆ ಸಾಹಿತ್ಯ ಗೊತ್ತಿಲ್ಲ.

ನಾನೂ ಒಂದು ಬರೆದೆ. ಒಬ್ಬ ಮುದುಕಿ ಎದೆನೋವು ಅಂತ ರಾಯಚೂರಿನಲ್ಲಿ ತೋರಿಸಿಕೊಳ್ಳಲು ಹೊರಟು ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದಾಳೆ. ದೂರದಲ್ಲಿ ಧೂಳೇಳುತ್ತದೆ. ಅಷ್ಟೇ. ಗೆಳೆಯರು 'ಆಹಾ, ಆ ಧೂಳು!' ಅಂದರು. ಅದೇ ಖುಷಿಯಲ್ಲಿ ಮನೆಗೆ ಬಂದು ಅವ್ವನಿಗೆ ಓದಿ ಹೇಳಿದೆ.

"ಬಸ್ಸು ಬಂತೋ ಇಲ್ಲೋ?"

"ಅದು ಓದೋರಿಗೆ ಬಿಟ್ಟಿದ್ದವ್ವಾ. ಮುಕ್ತ ಅಂತ್ಯ ಅಂತಾರ."

"ಅವರಿಗ್ಯಾಕ ಬಿಟ್ಟಿ? ಅರ್ಧಕ್ಕ ಬಿಟ್ಟು ಹೋಗಾಕ ನೀನೇನು ಕಾಂಟ್ರಾಕ್ಟರನಾ?"

ಆಗ ಹೊಳೆಯಿತು ನೋಡಿ. ನಾವು ಹೊಸದಾಗಿ ಕಲಿತ ಈ ವಿದ್ಯೆಯನ್ನು ನಮ್ಮನ್ನು ಆಳುವವರು ಎಂದೋ ಅರೆದು ಕುಡಿದಿದ್ದಾರೆ.

ಮುನಿರಾಬಾದ್–ಮೆಹಬೂಬ್‌ನಗರ ರೈಲು ಮಾರ್ಗ ಮಂಜೂರಾದದ್ದು 1997-98ರಲ್ಲಿ. ಗಂಗಾವತಿ, ಕಾರಟಗಿ ಅಂತ ಒಂದೊಂದೇ ಪ್ಯಾರಾ ಮುಗಿಸುತ್ತಾ ನಮ್ಮೂರಿಗೆ ರೈಲು ಬಂದದ್ದು 2024ರಲ್ಲಿ. ಮಂಜೂರಾದ ವರ್ಷ ಹುಟ್ಟಿದ ಕೂಸು ಅಷ್ಟೊತ್ತಿಗೆ ಮದುವೆಯಾಗಿ, ತನ್ನ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ರೈಲು ತೋರಿಸಲು ಬಂದಿದ್ದರೂ ಬಂದಿರಬಹುದು. ಮುಂದಿನದು ರಾಯಚೂರು. ಆ ಪುಟಗಳನ್ನು ಇನ್ನೂ ಬರೆಯುತ್ತಿದ್ದಾರೆ, ಅವಸರ ಮಾಡಿದರೆ ಕಲೆ ಕೆಡುತ್ತದೆ ಅಲ್ವಾ?

ರಾಯಚೂರಿಗೆ ಏಮ್ಸ್ ಕೊಡಿ ಅಂತ ಜನ 2022ರ ಮೇ ತಿಂಗಳಲ್ಲಿ ಧರಣಿ ಕೂತರು. ಸಾವಿರ ದಿನ ದಾಟಿತು. ಬೆಂಗಳೂರಿನಿಂದ ದಿಲ್ಲಿಗೆ ಪತ್ರ ಹೋಯಿತು. ಪತ್ರ ಹೋಯಿತು ಎನ್ನುವಲ್ಲಿಗೆ ಕತೆ ನಿಲ್ಲಿಸುವುದು ಪಳಗಿದ ಕೈಗಳಿಗೆ ಮಾತ್ರ ಸಾಧ್ಯ.

ನಮ್ಮ ಓಣಿಯದ್ದು ಇನ್ನೂ ಸಣ್ಣ ಕತೆ. ಪೈಪ್ ಹಾಕುತ್ತೇವೆ ಅಂತ ಗುಂಡಿ ತೋಡಿದರು, ಪೈಪ್ ಬರಲಿಲ್ಲ. ಕೇಳಲು ಹೋದರೆ 'ಫೈಲು ಮೇಲೆ ಹೋಗಿದೆ' ಅಂದರು. ಎಂಥಾ ವಾಕ್ಯ ರೀ ಅದು! ಕಳಿಸಿದವರ ಹೆಸರಿಲ್ಲ, ಮುಟ್ಟಿದ ಊರಿಲ್ಲ, ತಾರೀಖಿಲ್ಲ, ಆದರೂ ಒಂದು ಫೈಲು ರೆಕ್ಕೆ ಬಡಿಯುತ್ತಾ ಆಕಾಶಕ್ಕೆ ಏರುವುದು ಕಣ್ಣಿಗೆ ಕಟ್ಟುತ್ತದೆ. ಎಷ್ಟು ವರ್ಷ ಬರೆದರೂ ನನ್ನ ಕೈಯಲ್ಲಿ ಇಂಥದ್ದೊಂದು ಬಂದಿಲ್ಲ. ಗುಂಡಿಯಲ್ಲಿ ಈಗ ಕಪ್ಪೆಗಳಿವೆ. ಅವಕ್ಕೆ ಅಂತ್ಯದ ಬಗ್ಗೆ ತಕರಾರಿಲ್ಲ.

ಒಂದು ಕತೆ ಮಾತ್ರ ಬೇಗ ಮುಗಿಯಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದರ ಚೈನು ಕಡಿದು ಗೇಟೇ ಕೊಚ್ಚಿಹೋಯಿತು. ಇದಕ್ಕಿಂತ ಮುಕ್ತವಾದ ಅಂತ್ಯ ಬೇಕಾ? ಭತ್ತ ಹಚ್ಚಿದವರೆಲ್ಲ ಹೊಳೆ ಕಡೆ ನೋಡುತ್ತಾ ತಲೆ ಮೇಲೆ ಕೈ ಹೊತ್ತು ಕೂತರು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಅನ್ನುವ ಕಬ್ಬಿಣದ ಅಡ್ಡಹಲಗೆಗಳನ್ನು ಇಳಿಸಿ ಒಂದು ವಾರದಲ್ಲಿ ಮುಚ್ಚಿದರು. ಅಂದರೆ ಕತೆ ಮುಗಿಸಲು ನಮ್ಮವರಿಗೂ ಬರುತ್ತದೆ! ನೀರು ಓಡಿಹೋಗುತ್ತದೆ, ಅದಕ್ಕೇ ಅವಸರ ಮಾಡಿದರು. ನಾವು ಎಲ್ಲಿಗೆ ಓಡುತ್ತೇವೆ? ಇಲ್ಲೇ ಬಸ್‌ಸ್ಟ್ಯಾಂಡಿನಲ್ಲಿ ಕೂತಿರುತ್ತೇವೆ.

ರಾತ್ರಿ ಉಂಡಾದ ಮೇಲೆ ನನ್ನ ಕತೆಯನ್ನು ಅವ್ವನೇ ಮುಗಿಸಿದಳು. ಬಸ್ಸು ಬಂತಂತೆ. ಮುದುಕಿ ಆಧಾರ್ ಕಾರ್ಡು ತೋರಿಸಿದಳಂತೆ, ಟಿಕೆಟ್ ಫ್ರೀ. ಕಿಟಕಿ ಸೀಟೂ ಸಿಕ್ಕಿತಂತೆ. ಮಾನ್ವಿಯಲ್ಲಿ ಚಹಾ ಕುಡಿದು, ರಾಯಚೂರಿನಲ್ಲಿ ಇಳಿದು, ಆಸ್ಪತ್ರೆ ಬಾಗಿಲಿಗೆ ಬಂದಳಂತೆ.

"ಒಳಗ ಡಾಕ್ಟರ್ ಇದ್ರಾ?" ಅಂತ ಕೇಳಿದೆ.

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಅದನ್ನ ಬೇಕಾದ್ರ ಓದೋರಿಗೆ ಬಿಡು" ಅಂದಳು.