ಮಲೆನಾಡಿನ ಮನೆಗೆ ಯಾವ ಲಿನಕ್ಸ್?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ, ಹಳೆಯ ಕಂಪ್ಯೂಟರ್ ಇರುವ ನಮ್ಮ ಕಡೆಯ ಮನೆಗಳಲ್ಲೆಲ್ಲ ಅದನ್ನು ಏನು ಮಾಡುವುದು ಎಂಬ ಮಾತು ಎದ್ದಿದೆ. ವಿಂಡೋಸ್ 11 ಹಾಕಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು, ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ ಎಂಟನೆಯ ತಲೆಮಾರು ಅಥವಾ ಅದರ ಈಚಿನದ್ದಾಗಿರಬೇಕು. ಶಿವಮೊಗ್ಗದ ಅಂಗಡಿಯೊಂದರಲ್ಲಿ ವಿಚಾರಿಸಿದರೆ, ಗುಜರಿಗೆ ಹಾಕಿ ಹೊಸದು ತಗೊಳ್ಳಿ ಎಂಬ ಉತ್ತರ ಬಂತು. ಹೊಸನಗರದ ಹತ್ತಿರದ ನಮ್ಮ ಮನೆಯಲ್ಲಿರುವುದು ನಾಲ್ಕನೆಯ ತಲೆಮಾರಿನ ಐ3 ಪ್ರೊಸೆಸರ್, ನಾಲ್ಕು ಜಿಬಿ ರ‍್ಯಾಮ್ ಇರುವ ಡೆಸ್ಕ್‌ಟಾಪ್. ತೋಟದ ಲೆಕ್ಕ, ಸೊಸೈಟಿಗೆ ಬರೆಯುವ ಅರ್ಜಿ, ಮಗಳ ಶಾಲೆಯ ಕೆಲಸ, ಪಹಣಿ ನೋಡುವುದು, ಇಷ್ಟಕ್ಕೆ ಬಳಕೆಯಾಗುವ ಆ ಯಂತ್ರದಲ್ಲಿ ಕೆಟ್ಟಿರುವುದು ಏನೂ ಇರಲಿಲ್ಲ. ಹಾಗಾಗಿ ವಿಂಡೋಸ್ ಬದಲು ಅದಕ್ಕೆ ಉಚಿತವಾಗಿ ಸಿಗುವ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ಡೆಬಿಯನ್ 13 ಎಂಬ ರೂಪವನ್ನು ಹಾಕಿ, ಒಂದು ಮಳೆಗಾಲ ಪೂರ್ತಿ ಮನೆಯವರೆಲ್ಲ ಬಳಸಿ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಲಿನಕ್ಸ್ ವಿತರಣೆಗಳ (ಲಿನಕ್ಸ್ ಜೊತೆ ಬೇಕಾದ ತಂತ್ರಾಂಶಗಳನ್ನು ಸೇರಿಸಿ ಕೊಡುವ ಡೆಬಿಯನ್‌ನಂಥ ರೂಪಗಳ) ಬಗ್ಗೆ ಬರುವ ವಿಡಿಯೋಗಳಲ್ಲಿ ಹೆಚ್ಚಿನವು ಪರದೆಯ ಅಂದ, ಕಿಟಕಿಗಳು ತೆರೆದುಕೊಳ್ಳುವ ಚಂದ, ಎಲ್ಲದರ ಇತ್ತೀಚಿನ ಆವೃತ್ತಿ ಸಿಗುತ್ತದೆಯೇ ಎಂಬುದರ ಸುತ್ತಲೇ ಸುತ್ತುತ್ತವೆ. ನನ್ನ ಅಭಿಪ್ರಾಯದಲ್ಲಿ ಮಲೆನಾಡಿನ ಮನೆಯೊಂದು ಕೇಳಬೇಕಾದ ಪ್ರಶ್ನೆಗಳು ಬೇರೆ. ಕೆಲಸದ ನಡುವೆ ಕರೆಂಟು ಹೋದರೆ ಏನಾಗುತ್ತದೆ, ವಾರಗಟ್ಟಲೆ ನೆಟ್ ಸರಿಯಾಗಿ ಬಾರದಿದ್ದರೆ ಏನಾಗುತ್ತದೆ, ಮನೆಯ ಹಿರಿಯರು ತಮಗೆ ರೂಢಿಯಾದ ಕೀಲಿಮಣೆಯಲ್ಲೇ ಕನ್ನಡ ಬರೆಯಬಹುದೇ? ಈ ಮೂರಕ್ಕೆ ಸಮಾಧಾನದ ಉತ್ತರ ಸಿಗದ ವಿತರಣೆ ಎಷ್ಟೇ ಚಂದವಿದ್ದರೂ ನಮಗೆ ಒಗ್ಗುವುದಿಲ್ಲ.

ಡೆಬಿಯನ್ ಯೋಜನೆ 1993ರಲ್ಲಿ ಶುರುವಾದದ್ದು. ಇಂದು ಹೆಸರು ಮಾಡಿರುವ ಉಬುಂಟು ಕೂಡ ಅದನ್ನೇ ಆಧರಿಸಿದೆ. ಟ್ರಿಕ್ಸಿ ಎಂಬ ಹೆಸರಿನ 13ನೆಯ ಆವೃತ್ತಿ 2025ರ ಆಗಸ್ಟ್ 9ರಂದು ಬಿಡುಗಡೆಯಾಯಿತು. ಮೂರು ವರ್ಷ ಪೂರ್ಣ ಬೆಂಬಲ, ಅದರ ಮೇಲೆ ಎರಡು ವರ್ಷ ದೀರ್ಘಾವಧಿ ಬೆಂಬಲ ಎಂಬ ಕ್ರಮದಿಂದಾಗಿ 2030ರವರೆಗೆ ಈ ಯಂತ್ರದ ಬಗ್ಗೆ ಮತ್ತೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಮೊದಲು ಡೆಬಿಯನ್ ಹಾಕುವವರನ್ನು ಗೋಳು ಹೊಯ್ದುಕೊಳ್ಳುತ್ತಿದ್ದ ವೈಫೈ ಫರ್ಮ್‌ವೇರ್ (ವೈಫೈ ಚಿಪ್ ಕೆಲಸ ಮಾಡಲು ಬೇಕಾದ ತಂತ್ರಾಂಶ) ಸಮಸ್ಯೆಯೂ 2022ರಲ್ಲಿ ಅದರ ಸದಸ್ಯರು ಮತ ಹಾಕಿ ತೆಗೆದುಕೊಂಡ ನಿರ್ಧಾರದಿಂದ ಬಹುಮಟ್ಟಿಗೆ ನೀಗಿದೆ, 12ನೆಯ ಆವೃತ್ತಿಯಿಂದ ಆ ಫರ್ಮ್‌ವೇರ್ ಅಧಿಕೃತ ಇನ್‌ಸ್ಟಾಲರ್‌ನಲ್ಲೇ ಸಿಗುತ್ತದೆ. ಆದರೆ 32 ಬಿಟ್ ಯಂತ್ರ ಇಟ್ಟುಕೊಂಡವರಿಗೆ ಇಲ್ಲಿ ಬಾಗಿಲು ಮುಚ್ಚಿದೆ, 13ರಲ್ಲಿ ಅಂಥ ಯಂತ್ರಗಳಿಗೆ ಇನ್‌ಸ್ಟಾಲರ್ ಇಲ್ಲ. ನಮ್ಮದು 64 ಬಿಟ್ ಆದ್ದರಿಂದ ತೊಂದರೆಯಾಗಲಿಲ್ಲ. ಹಗುರವಾಗಿರಲಿ ಎಂದು ಎಕ್ಸ್‌ಎಫ್‌ಸಿಇ ಎಂಬ ಡೆಸ್ಕ್‌ಟಾಪ್ (ಪರದೆಯ ಮೇಲಿನ ಕಿಟಕಿ, ಮೆನುಗಳ ವ್ಯವಸ್ಥೆ) ಆರಿಸಿದೆ. ಏನನ್ನೂ ತೆರೆಯದೆ ಸುಮ್ಮನೆ ಬಿಟ್ಟರೆ ಅದು ಒಂದು ಜಿಬಿಗಿಂತ ಕಡಿಮೆ ರ‍್ಯಾಮ್ ಬಳಸುತ್ತದೆ, ಫೈರ್‌ಫಾಕ್ಸ್ ಬ್ರೌಸರ್ ಮತ್ತು ಪತ್ರ, ಲೆಕ್ಕ ಬರೆಯುವ ಲಿಬ್ರೆಆಫೀಸ್ ಒಟ್ಟಿಗೆ ತೆರೆದರೂ ಯಂತ್ರ ಮುಗ್ಗರಿಸುವುದಿಲ್ಲ. ಕಡಿಮೆ ರ‍್ಯಾಮ್ ಇರುವವರು ಒಂದು ಸಂಗತಿ ತಿಳಿದಿರಬೇಕು: ಈ ಆವೃತ್ತಿಯಿಂದ ತಾತ್ಕಾಲಿಕ ಕಡತಗಳ ಟೆಂಪ್ ಕೋಶ ಡಿಸ್ಕ್ ಬದಲು ರ‍್ಯಾಮ್‌ನಲ್ಲಿರುತ್ತದೆ, ಅರ್ಧದಷ್ಟು ರ‍್ಯಾಮ್‌ವರೆಗೂ ಅದು ಬೆಳೆಯಬಹುದು. ಬೇಡವೆಂದರೆ ಮತ್ತೆ ಡಿಸ್ಕಿಗೆ ಬದಲಿಸಿಕೊಳ್ಳಲು ಅವಕಾಶವಿದೆ.

ಇನ್ನು ಕರೆಂಟಿನ ವಿಷಯ. ಆರಿದ್ರಾ, ಪುನರ್ವಸು ಮಳೆಗಳು ಹಿಡಿದುಕೊಂಡವೆಂದರೆ ಎಲ್ಲೋ ಮರ ಬಿದ್ದು ಲೈನು ತುಂಡಾಗುವುದು ನಮಗೆ ಹೊಸದಲ್ಲ, ಹಳೆಯ ಯುಪಿಎಸ್ ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತದೆ ಎಂದು ಹೇಳುವಂತಿಲ್ಲ. ಒಂದು ಸಂಜೆ ಅಪ್‌ಡೇಟ್ ನಡೆಯುತ್ತಿರುವಾಗಲೇ ಯಂತ್ರ ಆರಿಹೋಯಿತು. ಮತ್ತೆ ಹೊತ್ತಿಸಿದಾಗ ಎಕ್ಸ್‌ಟಿ4 ಕಡತ ವ್ಯವಸ್ಥೆ ತನ್ನ ಜರ್ನಲ್ (ಬದಲಾವಣೆಗಳ ದಾಖಲೆ) ಓದಿಕೊಂಡು, ಅರೆಬರೆಯಾಗಿ ನಿಂತಿದ್ದ ಬದಲಾವಣೆಗಳನ್ನು ತಾನೇ ಸರಿಪಡಿಸಿಕೊಂಡಿತು. ಪ್ಯಾಕೇಜುಗಳನ್ನು, ಅಂದರೆ ತಂತ್ರಾಂಶಗಳ ಕಟ್ಟುಗಳನ್ನು ನೋಡಿಕೊಳ್ಳುವ ಡಿಪಿಕೆಜಿ ಮಾತ್ರ ಕೆಲಸ ನಡುವೆ ನಿಂತಿದೆ ಎಂದು ತಿಳಿಸಿ, ಅದನ್ನು ಮುಗಿಸಲು ಕೊಡಬೇಕಾದ ಆಜ್ಞೆಯನ್ನೂ ಅಲ್ಲೇ ತೋರಿಸಿತು. ಆ ಒಂದು ಸಾಲು ಬರೆದದ್ದಕ್ಕೆ ಉಳಿದ ಪ್ಯಾಕೇಜುಗಳೆಲ್ಲ ಸರಿಯಾಗಿ ಕೂತವು. ಉಳಿಸದೇ ಇದ್ದ ಬರಹವನ್ನು ಯಾವ ಕಡತ ವ್ಯವಸ್ಥೆಯೂ ಕಾಪಾಡಲಾರದು. ಅದಕ್ಕೆಂದೇ ಲಿಬ್ರೆಆಫೀಸ್‌ನಲ್ಲಿ ಹತ್ತು ನಿಮಿಷಕ್ಕೊಮ್ಮೆ ಎಂದಿದ್ದ ಸ್ವಯಂ ಉಳಿಕೆಯನ್ನು ಎರಡು ನಿಮಿಷಕ್ಕೆ ಇಳಿಸಿದ್ದೇನೆ.

ಆರ್ಚ್‌ನಂಥ, ಸದಾ ಹೊಸದಾಗುತ್ತಲೇ ಇರುವ ವಿತರಣೆಯನ್ನು ಹಾಕಿ ಎಂದು ಬೆಂಗಳೂರಿನಲ್ಲಿರುವ ಗೆಳೆಯರು ಹೇಳುವುದನ್ನು ನಾನು ಒಪ್ಪದಿರುವುದು ನೆಟ್‌ನ ಕಾರಣಕ್ಕೆ. ಅದು ಒಳ್ಳೆಯ ವಿತರಣೆ, ಅದರ ದಸ್ತಾವೇಜನ್ನು ಓದಿ ನಾನೂ ಬಹಳ ಕಲಿತಿದ್ದೇನೆ. ಆದರೆ ಅಲ್ಲಿ ಬೇಕಾದ ಒಂದೆರಡನ್ನು ಮಾತ್ರ ನವೀಕರಿಸಿ ಉಳಿದದ್ದನ್ನು ಹಾಗೇ ಬಿಡುವ ಭಾಗಶಃ ಅಪ್‌ಡೇಟ್‌ಗೆ ಬೆಂಬಲವಿಲ್ಲ, ಎಲ್ಲವನ್ನೂ ಒಟ್ಟಿಗೆ ತರಿಸಿಕೊಳ್ಳಬೇಕು. ಮೊಬೈಲ್ ಹಾಟ್‌ಸ್ಪಾಟ್ ಹಿಡಿದುಕೊಂಡು ಸಿಗ್ನಲ್ ಬರುವ ಮೂಲೆ ಹುಡುಕುವ ಮನೆಗೆ ಅದು ಹೊಂದುವುದಿಲ್ಲ. ಡೆಬಿಯನ್‌ನ ಸ್ಥಿರ ಆವೃತ್ತಿಯಲ್ಲಿ ಬರುವುದು ಬಹುಪಾಲು ಭದ್ರತಾ ತಿದ್ದುಪಡಿಗಳು ಮತ್ತು ಸುಮಾರು ಎರಡು ತಿಂಗಳಿಗೊಮ್ಮೆ ಬರುವ ಸಣ್ಣಪುಟ್ಟ ಸುಧಾರಣೆಗಳ ಕಂತು. ನೆಟ್ ಇಲ್ಲದೆ ಹದಿನೈದು ದಿನ ಕಳೆದು ಅಪ್‌ಡೇಟ್ ಮಾಡಿದರೂ ಮುರಿಯುವ ಭಯವಿಲ್ಲ. ತಂತ್ರಾಂಶಗಳು ಹಳೆಯವು ಎಂಬ ದೂರು ಇದರ ಮೇಲೆ ಇದೆ, ನಿಜವೂ ಹೌದು. ಅಡಿಕೆ ಲೆಕ್ಕ ಬರೆಯಲು ಈ ತಿಂಗಳ ಲಿಬ್ರೆಆಫೀಸ್ ಬೇಕೇ?

ನಾನು ಹೆಚ್ಚು ಸಮಯ ಕೊಟ್ಟದ್ದು ಕನ್ನಡಕ್ಕೆ. ಡೆಬಿಯನ್ ಇನ್‌ಸ್ಟಾಲರ್‌ನ ಭಾಷೆಗಳ ಪಟ್ಟಿಯಲ್ಲಿ ಕನ್ನಡವಿದೆ. ಲೋಹಿತ್, ನೋಟೋ ಸಾನ್ಸ್ ಕನ್ನಡ ಫಾಂಟುಗಳ ಜೊತೆಗೆ ಗುಬ್ಬಿ, ನವಿಲು ಫಾಂಟುಗಳೂ ಅದರ ತಂತ್ರಾಂಶ ಭಂಡಾರದಲ್ಲಿ ಸಿಗುತ್ತವೆ. ಕೀಲಿಮಣೆಯ ವಿಷಯದಲ್ಲಿ ಮಾತ್ರ ಹೊಸಬರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಡೆಸ್ಕ್‌ಟಾಪ್‌ನ ಸೆಟ್ಟಿಂಗ್ಸ್‌ಗೆ ಹೋದರೆ ಕಗಪ ಎಂಬ ವಿನ್ಯಾಸ ನೇರವಾಗಿ ಸಿಗುತ್ತದೆ, ನುಡಿ ತಂತ್ರಾಂಶದಲ್ಲಿ ಬರೆದು ರೂಢಿಯಿದ್ದವರು ಸಂತೋಷದಿಂದ ಅದನ್ನೇ ಆರಿಸುತ್ತಾರೆ. ಅದರಲ್ಲಿ ವ್ಯಂಜನಗಳು ನುಡಿಯಂತೆಯೇ ಇರುತ್ತವೆ, ಆದರೆ ಸ್ವರದ ಕೀಲಿ ಒತ್ತಿದರೆ ಗುಣಿತಾಕ್ಷರದ ಚಿಹ್ನೆಯೇ ಬರುತ್ತದೆ, ಪದದ ಮೊದಲಿಗೆ ಪೂರ್ಣ ಸ್ವರ ಬೇಕೆಂದರೆ ಬಲಗಡೆಯ ಆಲ್ಟ್ ಹಿಡಿದುಕೊಳ್ಳಬೇಕು. ಅಡಿಕೆ, ಏಲಕ್ಕಿ, ಎಕರೆ, ಇಳುವರಿ ಎಂದು ಬರೆಯುತ್ತಲೇ ಇರುವವರಿಗೆ ಇದು ದೊಡ್ಡ ಕಿರಿಕಿರಿ. ಪರಿಹಾರವೆಂದರೆ ಬೇರೆ ಬೇರೆ ಭಾಷೆಗಳಲ್ಲಿ ಬರೆಯಲು ನೆರವಾಗುವ ಐಬಸ್ ಎಂಬ ತಂತ್ರಾಂಶ ಹಾಕಿ, ಅದರ ಜೊತೆಗೆ ಎಂ17ಎನ್ ಪ್ಯಾಕೇಜಿನಲ್ಲಿ ಬರುವ ಕೆಜಿಪಿ ವಿಧಾನವನ್ನು ಆರಿಸುವುದು. ಅದು ಹಿಂದಿನ ಅಕ್ಷರವನ್ನು ನೋಡಿ, ಪೂರ್ಣ ಸ್ವರ ಬೇಕೋ ಚಿಹ್ನೆ ಬೇಕೋ ಎಂಬುದನ್ನು ತಾನೇ ತೀರ್ಮಾನಿಸುತ್ತದೆ. ನಮ್ಮ ತಂದೆ ಅದರಲ್ಲಿ ಮೊದಲು ಬರೆದದ್ದು ತೀರ್ಥಹಳ್ಳಿ ಎಂಬ ಪದ: ಸಣ್ಣ ಟಿ, ದೊಡ್ಡ ಐ, ಸಣ್ಣ ಆರ್, ಎಫ್, ದೊಡ್ಡ ಟಿ, ಹೆಚ್, ದೊಡ್ಡ ಎಲ್, ಎಫ್, ಮತ್ತೆ ದೊಡ್ಡ ಎಲ್, ಸಣ್ಣ ಐ. ರಕಾರದ ಮೇಲೆ ಎಫ್ ಒತ್ತಿ ಥಕಾರ ಹಾಕಿದ ಕೂಡಲೇ ಅರ್ಕಾವತ್ತು ಥಕಾರದ ಬಲಕ್ಕೆ ಹೋಗಿ ಕೂತದ್ದನ್ನು, ಳಕಾರದ ಒತ್ತು ಅದರ ಕೆಳಗೇ ಬಂದದ್ದನ್ನು ನೋಡಿ ಅವರು ಮುಂದಿನ ಸಾಲಿಗೆ ಹೋದರು. ಯಾರೂ ಏನೂ ಹೇಳಿಕೊಡಬೇಕಾಗಲಿಲ್ಲ. ಸ್ವಾತಂತ್ರ್ಯ, ಲಕ್ಷ್ಮಿ ಇಂಥ ಎರಡೊತ್ತಿನ ಪದಗಳನ್ನೂ ಲಿಬ್ರೆಆಫೀಸ್, ಫೈರ್‌ಫಾಕ್ಸ್ ಎರಡೂ ಸರಿಯಾಗಿಯೇ ತೋರಿಸುತ್ತವೆ. ಆಜ್ಞೆಗಳನ್ನು ಬರೆಯುವ ಟರ್ಮಿನಲ್‌ನಲ್ಲಿ ಮಾತ್ರ ಒತ್ತುಗಳು ಚೆದುರಿ ಬೀಳುತ್ತವೆ. ಕನ್ನಡದ ಹೆಸರಿಟ್ಟ ಕಡತಗಳನ್ನು ಅಲ್ಲಿ ಓದುವುದು ಕಷ್ಟ. ಇಷ್ಟು ವರ್ಷಗಳ ನಂತರವೂ ಇದು ಹೀಗೇ ಉಳಿದಿರುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಹಳೆಯ ನುಡಿ ಕಡತಗಳ ಕಥೆ ಬೇರೆ. ಯೂನಿಕೋಡ್‌ಗೆ ಮುಂಚಿನ ಫಾಂಟುಗಳಲ್ಲಿ ಬರೆದಿಟ್ಟ ಪತ್ರಗಳು ಇಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುತ್ತವೆ. ಇದು ಲಿನಕ್ಸ್‌ನ ದೋಷವಲ್ಲ, ಆ ಫಾಂಟ್ ಇಲ್ಲದ ಯಾವ ಯಂತ್ರದಲ್ಲಾದರೂ ಹಾಗೆಯೇ. ವಿಂಡೋಸ್ ಇನ್ನೂ ಇರುವಾಗಲೇ ಅವನ್ನೆಲ್ಲ ಯೂನಿಕೋಡ್‌ಗೆ ಪರಿವರ್ತಿಸಿ ಇಟ್ಟುಕೊಂಡರೆ ನೆಮ್ಮದಿ.

ಎಲ್ಲವೂ ಸರಿಹೋಯಿತೆಂದು ಹೇಳಲಾರೆ. ನಮ್ಮ ಹಳೆಯ ಲೇಸರ್ ಪ್ರಿಂಟರ್ ತನ್ನ ಕಂಪನಿಯ ಡ್ರೈವರ್ ಇಲ್ಲದೆ ಅಲುಗಾಡುವುದಿಲ್ಲ, ಕಂಪನಿ ಲಿನಕ್ಸ್‌ಗೆ ಕೊಟ್ಟ ಡ್ರೈವರ್ ಹಾಕಿದರೆ ಒಂದು ಪುಟ ಮುದ್ರಿಸಿ ನಿಂತುಬಿಡುತ್ತದೆ. ಡ್ರೈವರ್ ಬೇಡದೆ ಮುದ್ರಿಸುವ ಈಚಿನ ವೈಫೈ ಪ್ರಿಂಟರುಗಳಿಗೆ ಈ ಗೋಳಿಲ್ಲ. ಡಿಜಿಟಲ್ ಸಹಿಯ ಟೋಕನ್ ಬಳಸುವ ಗುತ್ತಿಗೆದಾರರು, ಲೆಕ್ಕಪತ್ರದವರು ತಮ್ಮ ಟೋಕನ್‌ಗೆ ಲಿನಕ್ಸ್ ಡ್ರೈವರ್ ಇದೆಯೇ ಎಂದು ಖಚಿತಪಡಿಸಿಕೊಳ್ಳದೆ ವಿಂಡೋಸ್ ಅಳಿಸಬಾರದು. ಡೆಬಿಯನ್ ಬರಿದಾಗಿ ಕಾಣುತ್ತದೆ ಎನ್ನುವವರು ಲಿನಕ್ಸ್ ಮಿಂಟ್ 22 ಹಾಕಬಹುದು. ಅದು ಉಬುಂಟು 24.04ರ ಮೇಲೆ ನಿಂತಿದೆ, 2029ರವರೆಗೆ ಬೆಂಬಲವಿದೆ, ವಿಂಡೋಸ್‌ನಿಂದ ಬಂದವರಿಗೆ ಬೇಗ ಒಗ್ಗುತ್ತದೆ. ನಮ್ಮ ಮನೆಯ ಆಯ್ಕೆ ಡೆಬಿಯನ್ ಆದರೂ ಅದನ್ನು ಕಡೆಗಣಿಸುವ ಮಾತು ನನ್ನದಲ್ಲ.

ಹೊಸನಗರ, ರಿಪ್ಪನ್‌ಪೇಟೆ, ತೀರ್ಥಹಳ್ಳಿ ಕಡೆಯವರು ಯಾರಾದರೂ ನೋಡಬೇಕೆಂದರೆ, ಎರಡೂ ವಿತರಣೆಗಳ ಲೈವ್ ಪೆನ್‌ಡ್ರೈವ್ ನನ್ನ ಬಳಿ ಇವೆ, ಮೂರು ಜಿಬಿಯ ಕಡತವನ್ನು ಇಲ್ಲಿನ ನೆಟ್‌ನಲ್ಲಿ ಇಳಿಸಿಕೊಳ್ಳುವ ಕಷ್ಟ ತಪ್ಪುತ್ತದೆ. ಹಾರ್ಡ್ ಡಿಸ್ಕ್ ಮುಟ್ಟದೆ, ಪೆನ್‌ಡ್ರೈವ್‌ನಿಂದಲೇ ಯಂತ್ರ ಹೊತ್ತಿಸಿ, ವೈಫೈ ಹಿಡಿಯುತ್ತದೆಯೇ, ಧ್ವನಿ ಬರುತ್ತದೆಯೇ, ನಿಮ್ಮ ಪ್ರಿಂಟರ್ ಒಂದಲ್ಲ ಎರಡು ಪುಟ ಮುದ್ರಿಸುತ್ತದೆಯೇ ಎಂದು ಸಾವಕಾಶವಾಗಿ ಪರೀಕ್ಷಿಸಿ. ಹಾಕುವುದೋ ಬೇಡವೋ ಎಂಬುದನ್ನು ಆಮೇಲೆ, ಕಡತಗಳನ್ನೆಲ್ಲ ಬೇರೆ ಡಿಸ್ಕಿಗೆ ತೆಗೆದಿಟ್ಟುಕೊಂಡ ನಂತರ ನಿರ್ಧರಿಸಿ.